ವಾಸನೆ ಬರದ ಔಷಧಿ

ಜಿರಳೆ ಹಿಡಿಯಲು ಹೋದ ಮನೆಯಿಂದ ಒಂದಾದರೂ ನಗು ಹೊತ್ತು ತರದ ದಿನ ನನ್ನ ಕೆಲಸದಲ್ಲಿ ಕಡಿಮೆ. ಹಲಸೂರಿನ ಒಂದು ಸಣ್ಣ ಪೆಸ್ಟ್ ಕಂಟ್ರೋಲ್ ಅಂಗಡಿಯಲ್ಲಿ ನನಗೆ ಹತ್ತೊಂಬತ್ತು ವರ್ಷದ ಸರ್ವೀಸು. ಅದರಲ್ಲಿ ಹದಿನೇಳು ವರ್ಷ, ಬೆನ್ನ ಮೇಲೆ ಹದಿನಾರು ಲೀಟರಿನ ಟ್ಯಾಂಕು ಹೊತ್ತು ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಮನೆಮನೆಗೆ ಔಷಧಿ ಹೊಡೆದವನು ನಾನು. ಸಂಜೆ ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ಟವೆಲು ಹಿಡಿದು ನಿಂತಿರುತ್ತಿದ್ದಳು. ಪ್ರೀತಿ ಗೀತಿ ಏನಿಲ್ಲ, ನೇರವಾಗಿ ಬಚ್ಚಲಿಗೆ ಅಟ್ಟಲು. ಮಗಳು ನಾನು ಬಂದದ್ದನ್ನು ಕಣ್ಣಿಂದ ನೋಡುವ ಮುಂಚೆ ಮೂಗಿನಿಂದ ತಿಳಿದುಕೊಳ್ಳುತ್ತಿದ್ದಳು. ಆಮೇಲೆ ಕೆಮ್ಮು ಶುರುವಾಯಿತು. ಡಾಕ್ಟರು ಎದೆ, ಬೆನ್ನು ಎಲ್ಲ ಪರೀಕ್ಷೆ ಮಾಡಿ, "ನೀವು ಜಿರಳೆಗೆ ಹೊಡೀತಿದ್ದೀರೋ, ನಿಮಗೇ ಹೊಡ್ಕೊಳ್ತಿದ್ದೀರೋ?" ಎಂದು ಕೇಳಿದರು.

ಅಲ್ಲಿಂದ ನಾನು ಹೊಸ ಪದ್ಧತಿ ಕಲಿತೆ. ಪದ್ಧತಿ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಹುಳ ಎಲ್ಲಿಂದ ಬರುತ್ತದೆ ನೋಡು, ಆ ದಾರಿ ಮುಚ್ಚು, ಒಳಗಿರುವುದಕ್ಕೆ ತಿಂಡಿ ನೀರು ಸಿಗದ ಹಾಗೆ ಮಾಡು, ಕೊನೆಗೆ ಬೇಕಾದಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಜೆಲ್, ಅಂದರೆ ಹುಳ ತಿಂದು ಸಾಯುವ ಅಂಟು ಔಷಧಿ, ಇಡು. ಟಾರ್ಚು, ವೈಟ್ ಸಿಮೆಂಟು, ಒಂದಿಷ್ಟು ಕಬ್ಬಿಣದ ಜಾಲರಿ ಇದ್ದರೆ ಸಾಕು. ಟ್ಯಾಂಕು ಬೇಡ.

ನಮ್ಮ ಓನರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಆದರೆ ಗಿರಾಕಿಯ ಮನಸ್ಸನ್ನು ಅರೆದು ಕುಡಿದವರು. "ಜನ ದುಡ್ಡು ಕೊಡೋದು ವಾಸನೆಗೆ ಕಣಯ್ಯ, ಜಿರಳೆ ಸಾಯೋದಕ್ಕಲ್ಲ. ಆಯ್ತು, ಮೂರು ತಿಂಗಳು ನೋಡೋಣ. ಅಷ್ಟರಲ್ಲಿ ಫೋನ್ ಮೇಲೆ ಫೋನ್ ಬಂತು ಅಂದ್ರೆ ಮತ್ತೆ ಟ್ಯಾಂಕು ನಿನ್ನ ಬೆನ್ನಿಗೆ" ಎಂದರು. ನನಗೆ ಬೇರೆ ಕೆಲಸ ಬರುವುದಿಲ್ಲ, ಆ ಟ್ಯಾಂಕು ಮಾತ್ರ ಸುತರಾಂ ಬೇಡವಾಗಿತ್ತು. ಆ ಮೂರು ತಿಂಗಳಲ್ಲಿ ಆದ ಕತೆಗಳು ಇವು.

೧. ತವರಿನ ರಜೆ

ಮೊದಲ ಮನೆ ಫ್ರೇಜರ್ ಟೌನಿನದು. ಅತ್ತೆ, ಇಬ್ಬರು ಸೊಸೆಯರು, ದೊಡ್ಡ ಅಡುಗೆಮನೆ. ಅಲ್ಲೊಂದು ಸಂಪ್ರದಾಯವಿತ್ತು. ಮೂರು ತಿಂಗಳಿಗೊಮ್ಮೆ ನಾನು ಔಷಧಿ ಹೊಡೆದ ದಿನ ಮನೆಗೆ ಬೀಗ ಬೀಳುತ್ತಿತ್ತು. ಅತ್ತೆ ಶಿವಾಜಿನಗರದ ತಂಗಿಯ ಮನೆಗೆ, ಸೊಸೆಯರು ಅವರವರ ತವರಿಗೆ, ಗಂಡಸರು ಹೋಟೆಲಿಗೆ. ಮರುದಿನ ಎಲ್ಲರೂ ವಾಪಸು.

ಈ ಸಲ ನಾನು ಟಾರ್ಚು ಹಿಡಿದು ಕಪಾಟಿನ ಕೀಲುಗಳಿಗೆಲ್ಲ ಜೆಲ್ ಇಟ್ಟು, ಸಿಂಕಿನ ಪೈಪಿನ ಸುತ್ತ ಸಿಮೆಂಟು ಮೆತ್ತಿ, ಹೆಮ್ಮೆಯಿಂದ ಹೇಳಿದೆ: "ಅಮ್ಮಾ, ಇನ್ಮೇಲೆ ಯಾರೂ ಮನೆ ಬಿಟ್ಟು ಹೋಗೋದೇ ಬೇಡ. ಈ ಔಷಧಿಗೆ ವಾಸನೇನೇ ಇಲ್ಲ."

ಅತ್ತೆ ತಲೆಯಾಡಿಸಿದರು. ಸೊಸೆಯರ ಮುಖ ಮಾತ್ರ ಸಪ್ಪಗಾಯಿತು. ಬಿಸಿಲಿಗೆ ಇರಬೇಕು ಅಂದುಕೊಂಡೆ.

ವಾರ ಕಳೆಯುವ ಮುಂಚೆ ಅಂಗಡಿಗೆ ಫೋನು ಬಂತು, ಜಿರಳೆ ಹೋಗಿಲ್ಲವೆಂದು. ಓನರು ನನ್ನ ಮುಖ ನೋಡಿದರು. ನಾನು ಓಡಿದೆ. ಅಡುಗೆಮನೆಯ ಮೂಲೆ ಮೂಲೆ ಹುಡುಕಿದೆ, ಒಂದು ಮೀಸೆಯೂ ಕಾಣಲಿಲ್ಲ. ಕಿರಿಯ ಸೊಸೆ ಬಾಗಿಲ ಹತ್ತಿರ ಬಂದು ದನಿ ತಗ್ಗಿಸಿದಳು.

"ಭಯ್ಯಾ, ಸರಿಯಾಗಿ ನೋಡಿ, ಸಿಗುತ್ತೆ."

"ಇಲ್ಲಮ್ಮಾ, ಒಂದೂ ಇಲ್ಲ."

"ಮತ್ತೆ ಮನೆ ಖಾಲಿ ಮಾಡ್ಬೇಕು ಅಂತ ಹೇಳ್ಬಿಡಿ ನಮ್ಮತ್ತೆಗೆ. ಮೂರು ತಿಂಗಳಿಗೆ ಒಂದ್ ದಿನ ಅಮ್ಮಿ ಮನೆ ನಮಗೆ. ಜಿರಳೆ ಜೊತೆ ನಿಮ್ಮ ಜೆಲ್ಲು ಅದನ್ನೂ ತಿಂದ್ಬಿಡ್ತು ಭಯ್ಯಾ."

ನನಗೆ ಅಯ್ಯೋ ಪಾಪ ಅನ್ನಿಸಿತು. ಹೊಸ ಪದ್ಧತಿಯ ಪುಸ್ತಕದಲ್ಲಿ ಸೊಸೆಯರ ಬಗ್ಗೆ ಯಾರೂ ಬರೆದಿಲ್ಲ. ಸುಳ್ಳು ಹೇಳುವ ಹಾಗಿಲ್ಲ. ಆದರೆ ಒಂದು ಮಾತು ನಿಜವೇ ಇತ್ತು: ಅಡುಗೆಮನೆ ಒಣಗಿ, ಅನ್ನದ ಅಗುಳೂ ಇಲ್ಲದೆ ಇದ್ದಷ್ಟು ಹುಳ ಜೆಲ್ಲಿಗೆ ಬೇಗ ಬಾಯಿ ಹಾಕುತ್ತದೆ. ಅತ್ತೆಯ ಹತ್ತಿರ ಹೋಗಿ, "ಅಮ್ಮಾ, ಮೂರು ತಿಂಗಳಿಗೊಂದು ದಿನ ಒಲೆ ಹಚ್ಚಬೇಡಿ, ಸಿಂಕಿಗೆ ನೀರು ಬಿಡಬೇಡಿ. ಎಲ್ಲರೂ ಎಲ್ಲಾದ್ರೂ ಹೋಗಿ ಬಂದ್ರೆ ಒಳ್ಳೇದು" ಎಂದೆ.

ಅವರು ಸೊಸೆಯರಿರುವ ಕಡೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ಇನ್ನೂ ಸಣ್ಣ ದನಿಯಲ್ಲಿ ಕೇಳಿದರು: "ಒಂದು ದಿನ ಸಾಕಾ ಭಾಯ್? ಎರಡು ದಿನ ಅಂತ ಹೇಳಿ. ನನ್ನ ತಂಗಿ ಮನೇಲಿ ಒಂದು ದಿನಕ್ಕೆ ಮಾತು ಮುಗಿಯಲ್ಲ."

೨. ಶುಕ್ರವಾರದ ಸಿಂಕು

ಎರಡನೆಯದು ನಮ್ಮ ಹಲಸೂರಿನದೇ, ಕೆರೆಯ ಹಿಂದಿನ ಬೀದಿ. ಆ ಮನೆಯಾಕೆ ಎಷ್ಟು ಚೊಕ್ಕಟ ಎಂದರೆ ಪ್ರತಿ ಶುಕ್ರವಾರ ಅಡುಗೆಮನೆಯನ್ನು ತಲೆಗೆ ಸ್ನಾನ ಮಾಡಿಸಿದ ಹಾಗೆ ತೊಳೆಯುತ್ತಿದ್ದರು. ನಾನು ಬುಧವಾರ ಜೆಲ್ ಇಟ್ಟೆ. ಶನಿವಾರ ಫೋನು.

ಹೋಗಿ ನೋಡಿದರೆ ಒಂದು ಚುಕ್ಕಿಯೂ ಉಳಿದಿಲ್ಲ.

"ಮೇಡಂ, ನಾನಿಟ್ಟ ಔಷಧಿ ಒರೆಸಿಬಿಟ್ರಾ?"

"ಔಷಧಿ ನಾನ್ಯಾಕ್ರೀ ಒರೆಸ್ಲಿ? ಕೀಲಲ್ಲೆಲ್ಲ ಏನೋ ಕಂದು ಗಲೀಜು ಅಂಟಿತ್ತು, ಅದನ್ನ ಉಜ್ಜಿದೆ."

"ಆ ಗಲೀಜೇ ಔಷಧಿ ಮೇಡಂ."

"ಅಷ್ಟು ಚಿಕ್ಕದಾ? ಹೋದ ಸಲ ನೀವು ಬಂದಾಗ ಮೂರು ದಿನ ಅನ್ನ ಕೂಡ ಔಷಧಿ ವಾಸನೆ ಬರ್ತಿತ್ತು. ಅದಪ್ಪ ಕೆಲಸ ಅಂದ್ರೆ."

ಮತ್ತೆ ಇಟ್ಟೆ. ಮುಂದಿನ ಶುಕ್ರವಾರ ಮತ್ತೆ ಒರೆಸಿದರು. ಕೈ ತಡೆಯಲಿಲ್ಲವಂತೆ. ಓನರು ಅಂಗಡಿಯ ಮೂಲೆಯಲ್ಲಿದ್ದ ಟ್ಯಾಂಕಿನ ಧೂಳು ಒರೆಸಲು ಶುರು ಮಾಡಿದರು, ನನಗೆ ಕಾಣುವ ಹಾಗೆ. ನನಗೂ ತಲೆ ಕೆಟ್ಟಿತು. ಮೂರನೇ ಸಲ ಹೋದಾಗ, ಈಕೆಗೆ ಗುರುತು ಸಿಗಲಿ ಎಂದು ಅವರ ಮನೆಯ ಕುಂಕುಮವನ್ನೇ ಕೇಳಿ ತೆಗೆದುಕೊಂಡು ಪ್ರತಿ ಚುಕ್ಕಿಯ ಪಕ್ಕ ಒಂದೊಂದು ಬೊಟ್ಟು ಇಟ್ಟೆ. ಸಿಂಕಿನ ಕೆಳಗೂ ಒಂದು. ದೇವರು ಕ್ಷಮಿಸಲಿ, ಅದು ಹೊಟ್ಟೆಪಾಡಿನ ಬೊಟ್ಟು.

ಮೂರು ವಾರ ಫೋನೇ ಇಲ್ಲ. ನಾನೇ ಕುತೂಹಲಕ್ಕೆ ಹೋದೆ. ಸಿಂಕಿನ ಕೆಳಗೆ ಕುಂಕುಮದ ಮೇಲೆ ಒಂದು ಕನಕಾಂಬರ. ಸಿಂಕು ಒಣಗಿದೆ, ಒಂದು ಎಂಜಲು ತಟ್ಟೆ ಇಲ್ಲ.

"ಕುಂಕುಮ ಇಟ್ಟ ಜಾಗದಲ್ಲಿ ಮುಸುರೆ ತೊಳೆಯೋಕಾಗುತ್ತಾ? ಪಾತ್ರೆ ಎಲ್ಲ ಹಿಂದುಗಡೆ ಕಲ್ಲಿನ ಹತ್ರ ತೊಳೀತಿದ್ದೀವಿ. ಇವರಂತೂ ಊಟ ಆದ ತಕ್ಷಣ ತಟ್ಟೆ ತಾವೇ ತಗೊಂಡು ಹೋಗ್ತಾರೆ" ಎಂದು ಗಂಡನ ಕಡೆ ಕೈ ತೋರಿಸಿದರು. ಗಂಡ ನನ್ನನ್ನು ನೋಡಿದ ನೋಟದಲ್ಲಿ ಕೃತಜ್ಞತೆ ಇರಲಿಲ್ಲ.

ತಿನ್ನಲು ಏನೂ ಇಲ್ಲದ ಮನೆಯಲ್ಲಿ ಜಿರಳೆ ಇದ್ದು ಏನು ಮಾಡುತ್ತದೆ? ಜೆಲ್ಲಿಗಿಂತ ಆ ಕನಕಾಂಬರವೇ ಹೆಚ್ಚು ಕೆಲಸ ಮಾಡಿತ್ತು. ಖುಷಿಯಿಂದ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಆಕೆ ಕರೆದರು.

"ಒಂದ್ನಿಮಿಷ ರೀ. ಜಿರಳೆ ಹೋಯ್ತು, ಸರಿ. ಆದ್ರೆ ಆ ಕುಂಕುಮ ಅಳಿಸೋಕೆ ನನಗೆ ಧೈರ್ಯ ಇಲ್ಲ. ಪ್ರತಿಷ್ಠಾಪನೆ ಮಾಡಿದವರು ನೀವು. ಒಂದು ಒಳ್ಳೆ ದಿನ ನೋಡಿ ಬಂದು ನೀವೇ ವಿಸರ್ಜನೆ ಮಾಡ್ಬಿಟ್ಟು ಹೋಗಿ."

೩. ಕಿವಿ ಹರಿದವನು

ಹೊರಮಾವಿನ ಅಪಾರ್ಟ್‌ಮೆಂಟೊಂದರಲ್ಲಿ ಇಲಿ ಕಾರುಗಳ ವೈರು ಕಡಿಯುತ್ತಿತ್ತು. ಅಸೋಸಿಯೇಷನ್ ಸೆಕ್ರೆಟರಿ ನನ್ನನ್ನು ಕರೆಸಿ, "ವಿಷ ಬೇಡ, ಮಕ್ಕಳಿದ್ದಾರೆ, ನಾಯಿಗಳಿದ್ದಾವೆ" ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷ. "ಸಾಯಿಸೋದೂ ಬೇಡ, ಮೆಂಬರ್ಸ್ ಬೇಜಾರು ಮಾಡ್ಕೋತಾರೆ. ಹಿಡಿದು ದೂರ ಬಿಟ್ಟು ಬರೋಣ" ಎಂದರು. ಅದೂ ಆಗಲಿ. ಬೋನಿಟ್ಟು, ಒಳಗೆ ಮಸಾಲೆ ವಡೆ ಸಿಕ್ಕಿಸಿದೆ. ಹಿಡಿದ ಇಲಿಯನ್ನು ದೂರ ಬಿಟ್ಟು ಬರುವ ಜವಾಬ್ದಾರಿ ಗೇಟಿನ ಸೆಕ್ಯುರಿಟಿಯವನದು.

ಮೊದಲ ದಿನವೇ ಇಲಿ ಬಿತ್ತು. ಸೆಕ್ರೆಟರಿ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಚಪ್ಪಾಳೆ. ಎರಡನೇ ದಿನ ಇನ್ನೊಂದು. ಮೂರನೇ ದಿನ ಮತ್ತೊಂದು. ಒಂಬತ್ತನೇ ದಿನದ ಹೊತ್ತಿಗೆ ಚಪ್ಪಾಳೆ ನಿಂತು ಗಾಬರಿ ಶುರುವಾಯಿತು. ಒಂಬತ್ತು ಇಲಿ ಸಿಕ್ಕಿದೆ ಎಂದರೆ ಸಿಗದೆ ಇರುವವು ಎಷ್ಟು? ಒಬ್ಬರು ಮನೆ ಮಾರುವ ಮಾತಾಡಿದರು. ಸೆಕ್ರೆಟರಿ ನಮ್ಮ ಓನರಿಗೆ ಫೋನು ಮಾಡಿದರು. ಓನರು ನನಗೆ, "ಇಲಿ ಹಿಡಿ ಅಂದ್ರೆ ಸಾಕ್ತಿದ್ದೀಯೇನಯ್ಯ ಅಲ್ಲಿ?" ಎಂದರು.

ನಾನು ಕೂತು ಒಂಬತ್ತೂ ಫೋಟೋ ನೋಡಿದೆ. ಒಂಬತ್ತರಲ್ಲೂ ಇಲಿಯ ಎಡಗಿವಿ ಹರಿದಿತ್ತು. ಸೆಕ್ಯುರಿಟಿಯವನನ್ನು ಪಕ್ಕಕ್ಕೆ ಕರೆದು, "ಎಲ್ಲಿಗೆ ಬಿಟ್ಟು ಬರ್ತಿದ್ದೀಯ?" ಎಂದೆ.

"ಗೋಡೆ ಆಚೆ ಸಾರ್. ಡ್ಯೂಟಿ ಟೈಮಲ್ಲಿ ಗೇಟ್ ಬಿಟ್ಟು ದೂರ ಹೋಗಂಗಿಲ್ಲ ಅಂತ ಅವರೇ ರೂಲ್ಸ್ ಮಾಡಿದಾರೆ."

"ಅದು ವಾಪಸ್ ಬರ್ತಿದೆಯಲ್ಲಪ್ಪ."

"ಬರುತ್ತೆ ಸಾರ್. ನಾನು ಬಂದು ಚೇರಲ್ಲಿ ಕೂರೋದ್ರೊಳಗೆ ಬಂದಿರುತ್ತೆ. ನಿನ್ನೆ ವಡೆ ಹಳೇದಿತ್ತು, ಮೂಸಿ ನೋಡಿ ಹಂಗೇ ಹೋಯ್ತು. ಬಿಸಿದು ತಂದಿಟ್ಟ ಮೇಲೆ ಒಳಗೆ ಬಂತು."

ಅಂದು ಇಲಿಯನ್ನು ಬಿಡುವಾಗ ನಾನೂ ಜೊತೆಗೆ ನಿಂತೆ. ಅದು ಗೋಡೆಯ ಬುಡದಲ್ಲಿ ಓಡಿ, ಕೇಬಲ್ ಪೈಪಿನ ಪಕ್ಕದ ಬಿಲದಲ್ಲಿ ತೂರಿ, ಮನೆಗೆ ಬಂದ ಅಳಿಯನ ಹಾಗೆ ನಿಧಾನವಾಗಿ ಪಾರ್ಕಿಂಗಿಗೆ ಹೋಯಿತು. ಬಿಲದೊಳಗೆ ಇನ್ನಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಮರುದಿನ ಅದನ್ನು ಹತ್ತನೇ ಸಲ ಹಿಡಿದು, ಗೋಡೆಯಾಚೆ ಬಿಟ್ಟು, ಬಿಲಕ್ಕೆ ಜಾಲರಿ ತುರುಕಿ ಸಿಮೆಂಟು ಹಾಕಿದೆ. ಕೆಲಸ ಮುಗಿಯಿತು.

ವಾರದ ಮೇಲೆ ಹೋದಾಗ ಸೆಕ್ಯುರಿಟಿಯವನು ಬೇಸರದಲ್ಲಿದ್ದ. "ಪಾಪ ಸಾರ್. ಎರಡು ದಿನ ಬಂದು ಸಿಮೆಂಟ್ ಮುಂದೆ ಕೂತಿತ್ತು. ಅದರ ವಡೆ ಈಗ ನಾನೇ ತಿಂತಿದ್ದೀನಿ, ಗಂಟಲಲ್ಲಿ ಇಳಿಯಲ್ಲ."

೪. ಬಿಸಿಲಿನ ಅಜ್ಜಿ

ಬೈಯಪ್ಪನಹಳ್ಳಿಯ ಹತ್ತಿರ ಒಂದು ಸಾಲು ಬಾಡಿಗೆ ಕೋಣೆಗಳು. ಆರೂ ಕೋಣೆಯಲ್ಲಿ ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದ ಸಂಸಾರಗಳು, ಆರರಲ್ಲೂ ತಿಗಣೆ. ಒಂದು ಕೋಣೆಗೆ ಮಾತ್ರ ಔಷಧಿ ಹೊಡೆದರೆ ತಿಗಣೆ ಪಕ್ಕದ ಕೋಣೆಗೆ ನೆಂಟನಾಗಿ ಹೋಗುತ್ತದೆ, ವಾಸನೆ ಇಳಿದ ಮೇಲೆ ವಾಪಸು ಬರುತ್ತದೆ. ಹಾಗಾಗಿ ಒಂದೇ ದಿನ ಎಲ್ಲರೂ ಹಾಸಿಗೆ ಹೊರಗೆ ತನ್ನಿ, ಮಂಚದ ಸಂದಿಗೆ ಕುದಿಯುವ ನೀರು ಹೊಯ್ಯಿರಿ, ಹಾಸಿಗೆ ಬಿಸಿಲಿಗೆ ಹಾಕಿ ಎಂದೆ. ಏಪ್ರಿಲ್ ತಿಂಗಳು. ಒಳ್ಳೆ ಬಿಸಿಲು ಎಂದು ನನ್ನ ಲೆಕ್ಕ.

ಆ ಸಾಲಿನ ಹಿರಿಯಜ್ಜಿ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದಳು.

"ತಮ್ಮಾ, ಇದಕ್ಕ ಬಿಸಲು ಅಂತೀರೇನು ನೀವು?"

"ಹೌದಜ್ಜಿ, ನೆತ್ತಿ ಸುಡ್ತಿದೆಯಲ್ಲ."

"ಬಿಸಲು ನಮ್ಮ ಕಡಿ ಅದ. ಈ ಬಿಸಲಿಗಿ ತಗಣಿ ಸಾಯೂದಿಲ್ಲ, ಚಂದಾಗಿ ಮೈ ಕಾಸ್ಕೊಂಡು ಹಸ್ದ್ ಬರ್ತಾವ."

ಸಾಲಿಗೆ ಸಾಲೇ ನಕ್ಕಿತು. ನನಗೆ ಅವಮಾನ ಆಯಿತು, ನಮ್ಮೂರಿನ ಬಿಸಿಲಿನ ಪರವಾಗಿ. ಬೈಕಿನಲ್ಲಿ ಹೋಗಿ ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆ ತಂದು, ಹಾಸಿಗೆಗಳನ್ನು ಅದರಲ್ಲಿ ಗಾಳಿಯಾಡದ ಹಾಗೆ ಸುತ್ತಿ ತಾರಸಿಯ ಮೇಲೆ ಹಾಕಿಸಿದೆ. ನಡು ಮಧ್ಯಾಹ್ನ ಅಜ್ಜಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಹಾಳೆಯ ಅಂಚು ಎತ್ತಿ ಒಳಗೆ ಕೈ ಹಾಕಿದಳು. ಕೈ ಹಾಗೇ ಇಟ್ಟುಕೊಂಡು ಕಣ್ಣು ಮುಚ್ಚಿದಳು.

"ಹಾಂ. ಈಗ ಕಲಬುರಗಿ ಆತ್ ನೋಡು."

ದಿನವೆಲ್ಲ ಹಾಗೆ ಬೆಂದು, ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಿದ ಮೇಲೆ ತಿಗಣೆ ಹೋಯಿತು. ಮಂಚದ ಕಾಲುಗಳಿಗೆ ಬಿಟ್ಟರೆ ಔಷಧಿ ಮುಟ್ಟಲೇ ಇಲ್ಲ. ನಾನು ಹಾಳೆ ಮಡಿಸಿ ವಾಪಸು ತರಲು ಹೋದರೆ ಅಜ್ಜಿ ಬಿಡಲಿಲ್ಲ. ಚಳಿಗಾಲಕ್ಕೆ ತಾನೇ ಹೊದ್ದುಕೊಳ್ಳುತ್ತಾಳಂತೆ.

೫. ಓನರ ಬೆನ್ನು

ಮೂರು ತಿಂಗಳು ಮುಗಿಯಲು ನಾಲ್ಕು ದಿನ ಇದೆ ಎನ್ನುವಾಗ ಇಂದಿರಾನಗರದ ಮನೆ ಬಂತು. ನಿವೃತ್ತ ಮಿಲಿಟರಿ ಅಧಿಕಾರಿ, ಮೀಸೆ ಬಿಳಿ, ದನಿ ಇನ್ನೂ ಪೆರೇಡ್ ಗ್ರೌಂಡಿನಲ್ಲೇ ಇದೆ. ನಾನು ಟಾರ್ಚು ಬಿಟ್ಟುಕೊಂಡು ಅಡುಗೆಮನೆಯ ನೆಲದಲ್ಲಿ ತೆವಳುವುದನ್ನು ಐದು ನಿಮಿಷ ನೋಡಿದರು.

"ಏನಪ್ಪಾ ಹುಡುಕ್ತಿದ್ದೀಯ? ಏನಾದ್ರೂ ಬಿತ್ತಾ?"

"ಸಂದಿ ನೋಡ್ತಿದ್ದೀನಿ ಸಾರ್. ಎಲ್ಲಿಂದ ಬರ್ತವೆ ಅಂತ."

"ಶತ್ರು ಒಳಗಿದ್ದಾನೆ, ನೀನು ದಾರಿ ಕೇಳ್ತಿದ್ದೀಯ. ವೇರ್ ಈಸ್ ಯುವರ್ ಸ್ಪ್ರೇ?"

ಇಲ್ಲ ಎಂದೆ. ಅವರು ನನ್ನೆದುರಿಗೇ ಓನರಿಗೆ ಫೋನು ಮಾಡಿ, ನಿಮ್ಮ ಕೆಲಸದವ ನಮ್ಮನೆಯಲ್ಲಿ ಮಲಗಿದ್ದಾನೆ ಎಂದರು. ಓನರಿಗೆ ಅಷ್ಟು ಸಾಕಾಯಿತು. "ಮುಗೀತು ಕಣಯ್ಯ ನಿನ್ನ ಆಟ. ನಾನೇ ಟ್ಯಾಂಕು ತರ್ತೀನಿ. ಹೆಂಗೆ ಹೊಡೀಬೇಕು ಅಂತ ನೋಡ್ಕೋ, ನಾಳೆಯಿಂದ ನೀನು ಹೊತ್ಕೋ" ಎಂದು ನನಗೆ ಫೋನಿನಲ್ಲಿ ಹೇಳಿ ಇಟ್ಟರು. ಹೆಂಡತಿ, ಟವೆಲು, ಬಾಗಿಲು ಎಲ್ಲ ಕಣ್ಣ ಮುಂದೆ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ಟ್ಯಾಂಕು ಮೂಲೆಗಿಡುವ ಮುಂಚೆ ನಾನದನ್ನು ಸೋಪು ಹಾಕಿ ನಾಲ್ಕು ಸಲ ತೊಳೆದಿದ್ದೆ. ಒಳಗಿನ ವಾಷರು ಒಣಗಿ ಬಿರುಕು ಬಿಡಬಾರದೆಂದು ಬರೀ ನೀರು ತುಂಬಿಸಿಟ್ಟಿದ್ದೆ. ಓನರು ಎತ್ತಿ ನೋಡಿದ್ದಾರೆ, ಭಾರ ಇದೆ, ಹೊತ್ತು ತಂದಿದ್ದಾರೆ.

ಅವರು ಗೇಟಲ್ಲಿ ಇಳಿದಾಗಲೇ ನಾನು, "ಸಾರ್, ಅದರಲ್ಲಿ" ಎಂದೆ. "ಮಾತಾಡ್ಬೇಡ" ಎಂದರು. ಮೆಟ್ಟಿಲ ಹತ್ತಿರ, "ಸಾರ್, ಒಂದ್ನಿಮಿಷ" ಎಂದೆ. "ಬೆಲ್ಟ್ ಕಟ್ಟು" ಎಂದರು. ಕಟ್ಟಿದೆ. ಹದಿನೈದು ವರ್ಷದಿಂದ ಕುರ್ಚಿಯಲ್ಲಿ ಕೂತ ಬೆನ್ನಿನ ಮೇಲೆ ಹದಿನಾರು ಲೀಟರು. ಅಡುಗೆಮನೆಗೆ ಹೋಗಿ ಪಂಪು ಎಳೆದು ಹೊಡೆಯಲು ಶುರು ಮಾಡಿದರು.

ಬಾಗಿಲಲ್ಲಿ ಕರ್ಚೀಫು ಹಿಡಿದು ನಿಂತಿದ್ದ ಅಧಿಕಾರಿ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡರು. "ನೋಡಿ, ಇದು ಔಷಧಿ. ಮೂಗಿಗೆ ಬಡೀತಿದೆ."

"ಸ್ವಲ್ಪ ಕಣ್ಣು ಉರಿಯುತ್ತೆ ಸಾರ್, ದೂರ ನಿಂತ್ಕೊಳ್ಳಿ" ಎಂದು ಓನರು ತಾವೂ ಎರಡು ಸಲ ಕೆಮ್ಮಿದರು. ನನ್ನ ಕಡೆ ತಿರುಗಿ, "ವಾಸನೆ ನೋಡಿದ್ಯಾ? ಇದಕ್ಕೆ ಕಣಯ್ಯ ಗಿರಾಕಿ ಖುಷಿಯಾಗೋದು" ಎಂದರು. ನಾನು ಮೂಗರಳಿಸಿ ನೋಡಿದೆ. ಕಾವೇರಿ ನೀರಿಗೆ ಎಷ್ಟು ವಾಸನೆ ಇರುತ್ತದೋ ಅಷ್ಟೇ ಇತ್ತು.

ಆಮೇಲೆ ಸಿಂಕಿನ ಕೆಳಗೆ ಹೊಡೆಯಲು ಬಗ್ಗಿದರು. ಲಟಕ್ ಎಂದು ಶಬ್ದ ಬಂತು. ಪೈಪು ಮುರಿಯಿತು ಅಂದುಕೊಂಡೆ. ಮುರಿದದ್ದು ಪೈಪಲ್ಲ. ಓನರು ಟ್ಯಾಂಕಿನ ಸಮೇತ ನಿಧಾನವಾಗಿ, ಒಂದು ಪಕ್ಕಕ್ಕೆ, ನೆಲದ ಮೇಲೆ ಮಲಗಿಕೊಂಡರು. ಬೆನ್ನು ಹಿಡಿದುಕೊಂಡಿತ್ತು.

ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದರು. ಕಣ್ಣಲ್ಲಿ ಗೌರವ ತುಂಬಿತ್ತು. "ಉಸಿರಾಡ್ತಿದ್ದಾರಾ?"

"ಆಡ್ತಿದ್ದಾರೆ ಸಾರ್."

"ನಲವತ್ತು ವರ್ಷದಿಂದ ನಾನಾ ಊರಲ್ಲಿ ಪೆಸ್ಟ್ ಕಂಟ್ರೋಲ್ ಮಾಡಿಸಿದ್ದೀನಿ. ಹೊಡೆದವನೇ ಬಿದ್ದಿದ್ದು ಇವತ್ತೇ ಮೊದಲು. ಏನು ಸ್ಟ್ರಾಂಗಪ್ಪ." ಹೀಗೆಂದು, ಜಗುಲಿಯಲ್ಲಿ ಕೂತಿದ್ದ ಹೆಂಡತಿಯನ್ನು ಇನ್ನೂ ದೂರ ಕರೆದೊಯ್ಯಲು ಓಡಿದರು.

ನಾನು ಬೆಲ್ಟು ಬಿಚ್ಚಿ, ಟ್ಯಾಂಕು ಕಳಚಿ, ಓನರ ಪಕ್ಕ ಕೂತೆ.

"ಸಾರ್, ಅದು ನೀರು."

"ಯಾವ್ದು?"

"ಟ್ಯಾಂಕಲ್ಲಿರೋದು. ತೊಳೆದು ಬರೀ ನೀರು ತುಂಬಿಟ್ಟಿದ್ದೆ. ಹೇಳೋಕೆ ಬಂದೆ, ನೀವು ಬಿಡ್ಲಿಲ್ಲ."

ಅವರು ಮಲಗಿದಲ್ಲೇ ಟ್ಯಾಂಕಿನ ಕಡೆ ಕತ್ತು ತಿರುಗಿಸಿದರು. "ವಾಸನೆ ಬಂತಲ್ಲೋ?"

"ನಿಮಗೆ ಬಂತು ಸಾರ್. ಅವರಿಗೂ ಬಂತು."

"ಕೆಮ್ಮೂ ಬಂತಲ್ಲ ನನಗೆ."

"ಬಂತು ಸಾರ್. ಎರಡು ಸಲ."

ಓನರು ಹಲ್ಲು ಕಚ್ಚಿಕೊಂಡೇ ಹೇಳಿದರು: "ಇನ್ಮೇಲೆ ಈ ಟ್ಯಾಂಕು ಯಾರ ಬೆನ್ನಿಗೂ ಬೇಡ. ನಿನ್ನ ಥರಾನೇ ಮಾಡು. ಆ ಮಿಲಿಟರಿಯವರಿಗೆ ನೀರಿನ ವಿಷಯ ನಾನೇ ಹೇಳ್ತೀನಿ. ಇವತ್ತಲ್ಲ."

ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಓನರು ಬಿದ್ದಿರುವಾಗ ಹಾಗೆ ಮಾಡುವುದು ಸರಿಯಲ್ಲ. ಅವರ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಲು ಹೋದೆ. ಅವರು ಬೇಡವೆಂದು ಕೈ ಅಡ್ಡ ಇಟ್ಟರು. ಕಣ್ಣು ಸಿಂಕಿನ ಕೆಳಗೆ ನೆಟ್ಟಿತ್ತು.

"ಟಾರ್ಚು ಕೊಡು. ಆ ಪೈಪಿನ ಹಿಂದೆ ನೋಡು, ಎರಡು ಬೆರಳು ತೂರೋ ಸಂದಿ ಇದೆ. ಜಿರಳೆ ಮೀಸೆ ಅಲ್ಲಾಡ್ತಿದೆ ಒಳಗೆ. ಹೀಗೆ ಮಲಗಿದ್ರೇನೇ ಕಾಣೋದು ಕಣಯ್ಯ, ನಿಂತವರಿಗೆ ಕಾಣಲ್ಲ."

"ಆಸ್ಪತ್ರೆಗೆ ಹೋಗೋಣ ಸಾರ್ ಮೊದಲು."

"ಮೊದಲು ಅದಕ್ಕೆ ಸಿಮೆಂಟ್ ಹಾಕು" ಎಂದರು. "ನಾನೆಲ್ಲೂ ಹೋಗಲ್ಲ."